ಭಾನುವಾರದ ಕೈಮರ

ಇವತ್ತು ಹೇಳಿಯೇಬಿಡಬೇಕು ಎಂದುಕೊಳ್ಳುತ್ತ ಬೆಳಗಿನಿಂದ ಬೂಟಿನ ದಾರವನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದ. ಬೂಟು ಭಾವನದು. ತಾವು ಹೊಸದು ಕೊಂಡಾಗ ಹಳೆಯದನ್ನು ಕಾಗದದಲ್ಲಿ ಸುತ್ತಿ, ಇನ್ನೂ ಗಟ್ಟಿಮುಟ್ಟಾಗಿದೆ, ಅವನ ಕಾಲಿಗೆ ಹತ್ತು ವರ್ಷ ಬರುತ್ತದೆ ಎಂದು ತಂಗಿಯ, ಅಂದರೆ ಇವನ ಹೆಂಡತಿಯ, ಕೈಯಲ್ಲಿ ಕಳಿಸಿದ್ದರು. ಒಂದಂಗುಲ ದೊಡ್ಡದು. ಹಲ್ಲು ಕಿತ್ತ ಜಾಗಕ್ಕೆ ಇಡುವ ಹತ್ತಿಯ ಉಂಡೆಗಳನ್ನು ಕ್ಲಿನಿಕ್ಕಿನಿಂದ ತಂದು ಮುಂಭಾಗಕ್ಕೆ ತುರುಕಿಕೊಂಡಿದ್ದ. ಏರಿನಲ್ಲಿ ಪರವಾಗಿರಲಿಲ್ಲ, ಇಳಿಜಾರಿಗೆ ಬಂದರೆ ಹತ್ತಿ ಮುದ್ದೆಯಾಗಿ ಬೆರಳುಗಳು ಒಂದರ ಮೇಲೊಂದು ಹತ್ತಿಕೊಳ್ಳುತ್ತಿದ್ದವು. ಇದನ್ನು ಹೆಂಡತಿಗೆ ಹೇಳಿರಲಿಲ್ಲ. ಹೇಳಿದರೆ ಅವಳು ಅಣ್ಣನಿಗೆ ಹೇಳುತ್ತಾಳೆ, ಭಾವ ಮುಂದಿನ ವಾರವೇ ಸರಿಯಾದ ಅಳತೆಯ ಹೊಸ ಬೂಟು ತಂದು ಕಾಲಡಿ ಇಡುತ್ತಾರೆ, ಆಗ ಅದನ್ನೂ ಹಾಕಿಕೊಂಡು ತಿರುಗಬೇಕಾಗುತ್ತದೆ. ಭಾವನಂಥ ಒಳ್ಳೆಯವರ ಹತ್ತಿರ ಕಷ್ಟ ಹೇಳಿಕೊಳ್ಳುವುದೆಂದರೆ ಸಾಲದ ಮೇಲೆ ಸಾಲ.

ಹೇಳಬೇಕಾದ್ದು ಬಹಳವೇನಿಲ್ಲ. ಭಾವ, ನಾನು ಕೆಲಸ ಬಿಡ್ತಾ ಇದ್ದೀನಿ. ಅಷ್ಟೇ. ಭಾವ ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಇವನು ಹಲ್ಲಿನ ಸೆಟ್ಟು ಮಾಡುತ್ತಾನೆ. ಪ್ಲಾಸ್ಟರಿನ ಅಚ್ಚು, ಗುಲಾಬಿ ಮೇಣ, ಚಿಕ್ಕ ಸ್ಪಿರಿಟ್ ದೀಪ, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಊರಿನ ಅರ್ಧ ಮಂದಿಯ ಬಿಳಿ ದವಡೆಗಳು. ದೂರದ ಊರಿನ ಒಂದು ದೊಡ್ಡ ಲ್ಯಾಬಿನವರು ಹೋದ ವಾರ ಫೋನು ಮಾಡಿದ್ದರು. ಯಾರೋ ಮುದುಕಿ ಬಿರುಕು ಬಿಟ್ಟ ಸೆಟ್ಟನ್ನು ಅವರ ಹತ್ತಿರ ಬೆಸೆಯಲು ಕೊಟ್ಟಿದ್ದಳಂತೆ. ಅದನ್ನು ಕೈಯಲ್ಲಿ ಹಿಡಿದು ನೋಡಿ, ಇದನ್ನು ಮಾಡಿದವರು ಯಾರು ಎಂದು ವಿಚಾರಿಸಿ, ಹೇಗೋ ಹುಡುಕಿ ಹಿಡಿದಿದ್ದರು. ಇದನ್ನು ಮಾಡಿದವರು ಯಾರು ಎಂದು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. 'ಬಂದುಬಿಡಿ, ಒಂದು ಇಡೀ ವಿಭಾಗ ನಿಮ್ಮ ಕೈಗೆ ಕೊಡ್ತೀನಿ. ಭಾನುವಾರ ಸಂಜೆವರೆಗೂ ಕಾಯ್ತೀನಿ, ಆಮೇಲೆ ಬೇರೆಯವರನ್ನ ನೋಡಬೇಕಾಗುತ್ತೆ' ಎಂದಿದ್ದರು. ಅಂದಿನಿಂದ ಅದು ಬಾಯಲ್ಲಿಟ್ಟ ಬಿಸಿತುಪ್ಪವಾಗಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಅವಳು ಅಣ್ಣನ ಕಡೆಗೇ ನಿಲ್ಲುವವಳು ಎಂದು ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದ. ಕ್ಲಿನಿಕ್ಕಿನಲ್ಲಿ ಹೇಳಲು ಸಾಧ್ಯವೇ ಇಲ್ಲ, ಅಲ್ಲಿ ಭಾವನ ಎದುರು ಯಾವಾಗಲೂ ಒಂದು ಬಾಯಿ ತೆರೆದುಕೊಂಡಿರುತ್ತದೆ. ಭಾನುವಾರದ ನಡಿಗೆಯೇ ಸರಿ ಎಂದು ತೀರ್ಮಾನಿಸಿದ್ದ. ಭಾವ ಮುಂದೆ, ತಾನು ಅವರ ಹಿಂದೆ. ಮುಖಕ್ಕೆ ಹೇಳಲಾಗದ್ದನ್ನು ಬೆನ್ನಿಗೆ ಹೇಳಬಹುದು.

ಭಾನುವಾರದ ನಡಿಗೆಯ ಸಂಘ ಭಾವನೇ ಕಟ್ಟಿದ್ದು. ಊರಾಚೆಯ ಗುಡ್ಡ, ಹುಲ್ಲುಗಾವಲು, ಹಳ್ಳದ ದಂಡೆ, ಹೀಗೆ ವಾರಕ್ಕೊಂದು ದಾರಿ. ಭಾವ ಮುಂದಾಳು, ಕೈಯಲ್ಲಿ ಒಂದು ಕೋಲು. ಎಲ್ಲರಿಗಿಂತ ಹಿಂದೆ ಗಾರ್ಡಣ್ಣ. ಜೀವಮಾನವೆಲ್ಲ ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ಆಡಿಸಿದ ಮನುಷ್ಯ. ನಿವೃತ್ತಿಯಾದ ಮೇಲೂ ಯಾರಾದರೂ ತನ್ನ ಹಿಂದೆ ನಡೆದರೆ ಅವರಿಗೆ ಚಡಪಡಿಕೆ. ಸಂಘದ ನಿಯಮವೂ ಅವರದೇ. ದಾರಿ ಎಲ್ಲಿ ಕವಲೊಡೆಯುತ್ತದೋ ಅಲ್ಲಿ ಮುಂದಾಳಿನ ಬೆನ್ನ ಹಿಂದಿರುವವನು ನಿಂತು, ಬಂದವರಿಗೆಲ್ಲ ದಾರಿ ತೋರಿಸಬೇಕು. ಕೊನೆಗೆ ಗಾರ್ಡಣ್ಣ ಬಂದು ಅವನ ಹೆಗಲು ಮುಟ್ಟಿ, 'ನನ್ನ ಹಿಂದೆ ಯಾರೂ ಇಲ್ಲ' ಎನ್ನಬೇಕು. ಆ ಮಾತು ಕಿವಿಗೆ ಬೀಳುವವರೆಗೆ ಅವನು ಅಲ್ಲಿಂದ ಕದಲಬಾರದು. ನಿಂತವನಿಗೆ ಸಂಘದವರು ಇಟ್ಟ ಹೆಸರು ಕೈಮರ. ಕೈಮರವಿಲ್ಲದ ಕಡೆ ಎಲ್ಲರೂ ನೇರ ನಡೆಯಬೇಕು. ಪ್ರತಿ ತಿರುವಿಗೂ ಹೊಸ ಕೈಮರ ಎಂಬುದು ಲೆಕ್ಕ. ಆದರೆ ಭಾವನ ಬೆನ್ನ ಹಿಂದೆ ಯಾವಾಗಲೂ ಇವನೇ ಇರುತ್ತಿದ್ದುದರಿಂದ ಕೆಲಸ ಇವನಿಗೇ ಅಂಟಿಕೊಂಡು, ಆಮೇಲೆ ಹೆಸರೂ ಅಂಟಿಕೊಂಡಿತು. ಒಂದು ತಿರುವಿನಲ್ಲಿ ನಿಂತು, ಸಾಲಿನ ಬಾಲವಾದ ಗಾರ್ಡಣ್ಣ ದಾಟಿದ ಮೇಲೆ ಏದುಸಿರು ಬಿಡುತ್ತ ಓಡಿ, ಮತ್ತೆ ಭಾವನ ಬೆನ್ನು ಹಿಡಿಯುತ್ತಿದ್ದ. ಹಿಂದೆಯೇ ಉಳಿದರೆ ಯಾರೂ ಬಯ್ಯುತ್ತಿರಲಿಲ್ಲ. 'ಎಲ್ಲಿ ನಮ್ಮ ಹುಡುಗ?' ಎಂದು ಭಾವ ಒಮ್ಮೆ ತಿರುಗಿ ನೋಡುತ್ತಿದ್ದರು, ಅಷ್ಟೇ. ನೋಡಿದರೆ ಓಡಬೇಕು. ನಮ್ಮ ಹುಡುಗನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು.

ಗುಡ್ಡದ ನೆತ್ತಿ ದಾಟಿ ಇಳಿಯುವಾಗ, 'ಭಾವ, ಒಂದು ಮಾತು' ಎಂದ. 'ಹೇಳು ಹೇಳು' ಎಂದಿತು ಬೆನ್ನು. 'ಅಲ್ಲ, ಅದೂ...' ಎಂದು ಎಳೆದ. ಬೆನ್ನು ನಡೆಯುತ್ತಲೇ ಇತ್ತು. ಅಂಗಿಯ ಮೇಲೆ ಬೆವರು ಒಂದು ದೊಡ್ಡ ಎಲೆಯಾಕಾರದಲ್ಲಿ ಹರಡಿತ್ತು. ನಲವತ್ತು ಹಲ್ಲು ಕಿತ್ತ ದಿನವೂ ಸುಸ್ತಾಗದ ಈ ಬೆನ್ನಿಗೂ ವಯಸ್ಸಾಯಿತಲ್ಲ ಎನ್ನಿಸಿ ಮರುಕ ಬಂದುಬಿಟ್ಟಿತು. ಮರುಕ ಬಂದ ಮೇಲೆ ಮಾತು ಎಲ್ಲಿ ಬರುತ್ತದೆ? ಅಷ್ಟರಲ್ಲಿ ಕಲ್ಲುಗೋಡೆ ಮುಗಿದು, ಮುರಿದ ಗೇಟಿನ ಹತ್ತಿರ ದಾರಿ ಎರಡಾಯಿತು. ಎಡಕ್ಕೆ ಕೆರೆಯ ದಂಡೆ, ಅಲ್ಲಿ ಚಹಾದ ಗೂಡು, ಇವತ್ತಿನ ನಡಿಗೆ ಮುಗಿಯುವ ಜಾಗ. ಬಲಕ್ಕೆ, ಹೆಚ್ಚುಕಡಿಮೆ ನೇರಕ್ಕೇ, ಹಳೆಯ ಕಲ್ಲುಕ್ವಾರಿ, ಅದರ ಅಂಚನ್ನು ಬಳಸಿ ಹೋದರೆ ಬಸ್ಸು ಸಿಗುವ ಹೆದ್ದಾರಿ. ಭಾವ ಕೋಲನ್ನು ನೆಲಕ್ಕೆ ಕುಟ್ಟಿದರು. 'ಕೈಮರ, ನೀನಿಲ್ಲಿ ನಿಂತ್ಕೋ. ಬಲಗಡೆ ಯಾರನ್ನೂ ಬಿಡಬೇಡ, ಆ ಕಡೆ ಕ್ವಾರಿ ಇದೆ. ಚೀಲ ಯಾಕೆ ಹೊತ್ಕೊಂಡು ನಿಲ್ತೀಯ, ತಂಗಿ ಹಿಂದೆ ಬರ್ತಿದ್ದಾಳಲ್ಲ, ಅವಳ ಕೈಲಿ ಕೊಡು. ನಿನ್ನ ಮಾತು ಕೆರೆ ಹತ್ರ ಆರಾಮಾಗಿ ಕೂತು ಕೇಳ್ತೀನಿ.' ಹಾಗೆಂದು ಅವನ ಬೆನ್ನು ತಟ್ಟಿ ಎಡಕ್ಕೆ ಇಳಿದರು. ಅವರ ಕೈ ಬಿದ್ದ ಜಾಗ ಬಹಳ ಹೊತ್ತು ಬೆಚ್ಚಗಿತ್ತು.

ಮಂದಿ ಒಬ್ಬೊಬ್ಬರಾಗಿ ಬಂದರು. ಅವನು ಅವರತ್ತ ಮುಖಮಾಡಿ ಬಲಗೈ ಎತ್ತಿ ಅವರ ಎಡಕ್ಕೆ ತೋರಿಸಿದ. ವಕೀಲರು ಬಂದರು, ನಕ್ಕರು. ಅವರ ಮೇಲ್ದವಡೆಯ ಹಲ್ಲು ಪೂರ್ತಿ ಇವನು ಮಾಡಿದ್ದು. ಎಡಗಡೆಯ ಕೋರೆಹಲ್ಲನ್ನು ಕೂದಲೆಳೆಯಷ್ಟು ಓರೆಯಾಗಿ ಕೂರಿಸಿದ್ದ. ಎಲ್ಲವೂ ನೆಟ್ಟಗಿದ್ದರೆ ಬಾಯಿ ಅಂಗಡಿಯ ಕಪಾಟಿನ ಹಾಗೆ ಕಾಣುತ್ತದೆ. ವಕೀಲರು ಆ ಓರೆಯನ್ನು ತಮ್ಮ ಹುಟ್ಟುಹಲ್ಲೆಂಬಂತೆ ನಾಲಿಗೆಯಲ್ಲಿ ತಡವುತ್ತ, 'ಏನಪ್ಪಾ ಕೈಮರ, ಬೇರು ಬಿಟ್ಟೆಯಾ?' ಎಂದು ತಮಾಷೆ ಮಾಡಿ ಹೋದರು. ಆ ಹಲ್ಲು ತಮ್ಮ ಬಾಯಿಗೆ ಬಂದದ್ದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಡಾಕ್ಟರು ಕೂರಿಸಿದರು, ಡಾಕ್ಟರಿಗೆ ಕೈ ಮುಗಿದರು, ಮುಗಿಯಿತು. ಹಿಂದಿನ ಕೋಣೆಗೂ ಡಾಕ್ಟರ ಕೋಣೆಗೂ ನಡುವೆ ಒಂದು ಪುಟ್ಟ ಕಿಟಕಿ. ಅದರಿಂದ ಅಚ್ಚಿನ ತಟ್ಟೆ ಒಳಗೆ ಬರುತ್ತದೆ, ಸೆಟ್ಟು ಹೊರಗೆ ಹೋಗುತ್ತದೆ. ಕೈಗಳು ಮಾತ್ರ ಕಾಣುತ್ತವೆ. ಹಿಂದಿನ ಕೋಣೆಗೆ ಬೇರೆ ಬಾಗಿಲಿಲ್ಲ. ಬಚ್ಚಲಿಗೆ ಹೋಗಬೇಕೆಂದರೂ ಡಾಕ್ಟರ ಕೋಣೆಯನ್ನೇ ಹಾದು, ಕುರ್ಚಿಯಲ್ಲಿ ಬಾಯ್ದೆರೆದು ಮಲಗಿದವರ ಪಕ್ಕದಲ್ಲೇ ಸರಿದು ಹೋಗಬೇಕು. ಒಮ್ಮೆ ಹಾಗೆ ಹೋಗುವಾಗ ಕುರ್ಚಿಯಲ್ಲಿದ್ದ ಹೆಂಗಸು ಬೆಚ್ಚಿಬಿದ್ದಳು. 'ಏನಿಲ್ಲಮ್ಮ, ನಮ್ಮ ಹುಡುಗ' ಎಂದರು ಭಾವ. ಅಂದಿನಿಂದ ಅವನು ಬೆಳಿಗ್ಗೆ ನೀರು ಕುಡಿಯುವುದನ್ನು ಕಡಿಮೆ ಮಾಡಿದ. ಇದೂ ಹೆಂಡತಿಗೆ ಗೊತ್ತಿಲ್ಲ.

ಹೆಂಡತಿ ಬೇಕರಿಯವಳ ಜೊತೆ ಯಾವುದಕ್ಕೋ ನಗುತ್ತ ಬಂದಳು. ಚೀಲ ಕೊಟ್ಟ. ತಗೊಂಡು ಇನ್ನೊಂದು ಹೆಗಲಿಗೆ ಏರಿಸಿ, ಅವನ ಮುಖ ನೋಡದೆ ಕಾಲು ನೋಡಿ, 'ದಾರ ಬಿಚ್ಚಿದೆ ನೋಡಿ' ಎಂದಳು. ಅವರಿಬ್ಬರ ನಗು ತಿರುವಿನಾಚೆಗೂ ಕೇಳಿಸಿತು. ತನ್ನ ಬಗ್ಗೆ ಅಲ್ಲ ಎಂದು ಗೊತ್ತಿತ್ತು. ಆದರೂ ಕಿವಿ ಬಿಸಿಯಾಯಿತು. ಚೀಲ ಹೋದ ಮೇಲೆ ನೆನಪಾಯಿತು, ಫೋನು ಅದರಲ್ಲೇ ಇತ್ತು.

ಆಮೇಲೆ ಯಾರೂ ಬರಲಿಲ್ಲ. ಉಳಿದವರು ಬ್ಯಾಂಕಿನ ಅಕ್ಕ ಮತ್ತು ಗಾರ್ಡಣ್ಣ, ಇಬ್ಬರೇ. ಬ್ಯಾಂಕಿನ ಅಕ್ಕ ಹೂವು ಕಂಡಲ್ಲೆಲ್ಲ ನಿಲ್ಲುವವಳು, ಗಾರ್ಡಣ್ಣ ಅವಳ ಹಿಂದೆ ಗಡಿಯಾರ ನೋಡುತ್ತ ನಿಲ್ಲುವವರು. ಬರುತ್ತಾರೆ. ಗೇಟಿನ ಒಂದು ಕಂಬ ವಾಲಿತ್ತು, ಅದಕ್ಕೆ ಒರಗಿದ. ತುಕ್ಕು ಅಂಗೈಗೆ ಹತ್ತಿತು. ಹುಲ್ಲಿನ ಮೇಲೆ ಗಾಳಿ ಒಂದೇ ಕಡೆಗೆ ಬೀಸುತ್ತಿತ್ತು. ಸ್ವಂತ ಅಂಗಡಿಯ ಫಲಕಕ್ಕೂ ಹೀಗೇ ತುಕ್ಕು ಹಿಡಿದಿತ್ತು. ಮದುವೆಯಾದ ಹೊಸದರಲ್ಲಿ ಇಟ್ಟ ಹಲ್ಲಿನ ಸೆಟ್ಟಿನ ಅಂಗಡಿ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅಂತಾರಲ್ಲ, ತನ್ನ ಹತ್ತಿರ ಹಲ್ಲು ರಾಶಿ ರಾಶಿ ಇದ್ದವು, ಬಾಯಿಗಳೇ ಬರಲಿಲ್ಲ. ಮುಚ್ಚಿದ ದಿನ ಭಾವ ಬಂದು, ಏನೂ ಕೇಳದೆ, ತಾವೇ ಏಣಿ ಹತ್ತಿ ಫಲಕ ಬಿಚ್ಚಿ ಇಳಿಸಿದರು. 'ನಾಳೆಯಿಂದ ನಮ್ಮಲ್ಲಿಗೆ ಬಾ' ಎಂದರು. ಅಷ್ಟೇ. ಆಮೇಲೆ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ, ಒಂದು ಸಲವೂ ದನಿ ಏರಿಸಲಿಲ್ಲ. ಒಮ್ಮೆಯಾದರೂ ಹಂಗಿಸಿದ್ದರೆ ಜಗಳವಾಡಿಕೊಂಡು ಹೊರಟುಬಿಡಬಹುದಿತ್ತು. ಕೆಟ್ಟವರಿಂದ ತಪ್ಪಿಸಿಕೊಳ್ಳಲು ಎಷ್ಟೊಂದು ದಾರಿಗಳಿವೆ. ಭಾವನ ಮೇಲೆ ಅವನಿಗೆ ಸಿಟ್ಟಿತ್ತು, ಅದಕ್ಕೆ ಕಾರಣ ಒಂದೂ ಸಿಗುತ್ತಿರಲಿಲ್ಲ, ಕಾರಣ ಸಿಗುತ್ತಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು ಬರುತ್ತಿತ್ತು.

ನೆರಳು ಗೋಡೆಯನ್ನು ದಾಟಿ ದಾರಿಯ ಮೇಲೆ ಬಿದ್ದಾಗ ಮೇಲಿನಿಂದ ಸೈಕಲ್ಲಿನವನೊಬ್ಬ ಬಂದು ಬ್ರೇಕು ಹಾಕಿದ. 'ಹೆದ್ದಾರಿಗೆ ಯಾವ ಕಡೆ?' ಎಂದ. ಬಲಕ್ಕೆ ತೋರಿಸಲು ಕೈ ಎತ್ತಿದರೆ ಕೈ ಎಡಕ್ಕೇ ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದಿಳಿಸಿ, 'ಬಲಕ್ಕೆ, ಬಲಕ್ಕೆ, ಅಂಚಿನ ಹತ್ರ ನೋಡ್ಕೊಂಡು ಹೋಗಿ' ಎಂದ. ಸೈಕಲ್ಲಿನವನು ಅವನನ್ನು ಮೇಲಿನಿಂದ ಕೆಳಗೆ ನೋಡಿ, 'ನೀವು ಇಲ್ಲೇ ಡ್ಯೂಟಿನಾ?' ಎಂದು ಕೇಳಿದ. 'ಇಲ್ಲ. ಹಾಂ, ಒಂಥರಾ ಹೌದು' ಎಂದ. 'ಮೇಲೆ ಯಾರಾದ್ರೂ ಸಿಕ್ಕಿದ್ರಾ? ಒಬ್ಬರು ವಯಸ್ಸಾದವರು, ಒಬ್ಬರು ಹೆಂಗಸು?' 'ನೆತ್ತಿಯಿಂದ ಇಲ್ಲಿವರೆಗೂ ಒಂದು ನರಪಿಳ್ಳೆ ಇಲ್ಲ' ಎಂದು ಸೈಕಲ್ಲಿನವನು ಬಲಕ್ಕೆ ಹೊರಟುಹೋದ. ಅವನ ಬೆನ್ನು ಚಿಕ್ಕದಾಗುವವರೆಗೂ ನೋಡಿದ. ಎಷ್ಟು ಸಲೀಸಾಗಿ ಹೋದ.

ಹಾಗಾದರೆ ಮೇಲೆ ಯಾರೂ ಇಲ್ಲ. ಹಾಗಾದರೆ ಹೋಗಬಹುದು. ಒಂದು ಹೆಜ್ಜೆ ಕಿತ್ತ. ಬಂಡೆಯ ಮರೆಯಲ್ಲಿ ಕೂತಿದ್ದರೆ? ಸೈಕಲ್ಲಿನವನಿಗೆ ಕಂಡಿರಲಿಕ್ಕಿಲ್ಲ. ತಾನು ಹೋದ ಮರುಗಳಿಗೆಯೇ ಬಂದು, ಕೈಮರವಿಲ್ಲದ ಕಡೆ ನೇರ ನಡೆಯಬೇಕು ಎಂಬ ನಿಯಮದಂತೆ ಬಲಕ್ಕೆ ನಡೆದುಬಿಟ್ಟರೆ? ಗಾರ್ಡಣ್ಣನಿಗೆ ಸಂಜೆಯ ಹೊತ್ತು ಕಣ್ಣು ಮಂಜು. ಮೇಲೆ ಹತ್ತಿ ಹುಡುಕೋಣವೆಂದರೆ ತಿರುವು ಬಿಟ್ಟಂತಾಯಿತು. ಕೆಳಗೆ ಓಡಿ ಭಾವನಿಗೆ ಹೇಳೋಣವೆಂದರೂ ತಿರುವು ಬಿಟ್ಟಂತಾಯಿತು. ಅತ್ತ ದರಿ, ಇತ್ತ ಪುಲಿ. ಕಿತ್ತ ಹೆಜ್ಜೆಯನ್ನು ಇದ್ದಲ್ಲೇ ಇಟ್ಟ. ಆಗಲೇ, ಎದೆಯ ಯಾವುದೋ ಮೂಲೆಯಲ್ಲಿ, ತನಗೆ ಹಾಯೆನ್ನಿಸುತ್ತಿದೆ ಎಂಬುದು ಗೊತ್ತಾಯಿತು. ಬೆಳಗಿನಿಂದ ಇರದಿದ್ದ ಹಾಯಿ. ಇಲ್ಲಿ ನಿಂತಿರುವಷ್ಟು ಹೊತ್ತು ಭಾವನಿಗೆ ಹೇಳಬೇಕಾಗಿಲ್ಲ. ಫೋನು ಚೀಲದಲ್ಲಿ ಹೋಗಿದೆ, ಲ್ಯಾಬಿನವರಿಗೂ ಹೇಳಬೇಕಾಗಿಲ್ಲ. ಸಂಜೆ ತಾನಾಗಿ ಆಗುತ್ತದೆ, ಯಾರ ತಪ್ಪೂ ಅಲ್ಲ, ಬಾಲ ಬರಲಿಲ್ಲ, ಅದಕ್ಕೇ ನಿಂತಿದ್ದೆ. ಇಷ್ಟು ಒಳ್ಳೆಯ ಕಾರಣ ಅವನಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಅದು ಗೊತ್ತಾದೊಡನೆ ನಾಚಿಕೆಯಿಂದ ಮುಖ ಸುಟ್ಟುಹೋಯಿತು. ಯಾರೂ ನೋಡುತ್ತಿರಲಿಲ್ಲ. ಆದರೂ ಗೇಟಿನ ಕಡೆ ತಿರುಗಿ ನಿಂತ.

ಬೂಟಿನ ಸದ್ದು ಕೇಳಿತು, ಆದರೆ ಕೆಳಗಿನಿಂದ. ಹೆಂಡತಿ ಒಬ್ಬಳೇ ಏರು ಹತ್ತಿ ಬರುತ್ತಿದ್ದಳು, ಚೀಲ ಎದೆಗೆ ಅವುಚಿಕೊಂಡು, ಮುಖ ಕೆಂಪಗಾಗಿ.

'ಇನ್ನೂ ಇಲ್ಲೇ ಇದ್ದೀರಾ?' ಎಂದಳು.

'ಗಾರ್ಡಣ್ಣ ಬಂದಿಲ್ಲ.'

'ಗಾರ್ಡಣ್ಣ ಬಂದು ಎರಡು ಸಲ ಚಹಾ ಕುಡಿದಾಯ್ತು. ಬ್ಯಾಂಕಿನ ಅಕ್ಕನ ಮಂಡಿ ಹಿಡ್ಕೊಂಡಿತಂತೆ, ನೆತ್ತಿಯಿಂದಲೇ ಗಾಡಿ ದಾರಿ ಹಿಡಿದು ಇಳಿಸ್ಕೊಂಡು ಬಂದ್ರು. ಬಂದವರೇ, ನನ್ನ ಹಿಂದೆ ಯಾರೂ ಇಲ್ಲ ಅಂದ್ರು. ಅವರು ಹಾಗಂದ ಮೇಲೆ ಎಣಿಸೋರು ಯಾರು? ಎಲ್ಲರೂ ಚೀಲ ಬಿಚ್ಚಿ ತಿನ್ನೋಕೆ ಕೂತ್ರು.'

ಅವನು ನಗಲು ನೋಡಿದ. ರೈಲಿನ ಕೊನೆಯ ಡಬ್ಬಿ ಬಂದಾಯಿತು ಎಂದರೆ ರೈಲು ಬಂದ ಹಾಗೆಯೇ. ನಡುವಿನ ಡಬ್ಬಿಯೊಂದು ಕಳಚಿ ಉಳಿದೀತು ಎಂದು ಯಾವ ಗಾರ್ಡಿಗೆ ಹೊಳೆದೀತು? 'ಭಾವ ಕೇಳಲಿಲ್ವಾ?' ಎಂದ.

'ಅಣ್ಣ ಎಲ್ಲರ ಕೈಲೂ ಹಾಡು ಹೇಳಿಸ್ತಿದ್ದಾನೆ.' ತಲೆ ಬಗ್ಗಿಸಿ, 'ನಾನೂ ನೋಡ್ಲಿಲ್ಲ. ನೀವು ಅಲ್ಲೇ ಎಲ್ಲೋ ಇರ್ತೀರ ಅಂದ್ಕೊಂಡೆ. ಚೀಲದಲ್ಲಿ ಫೋನ್ ಹೊಡ್ಕೊಳ್ತು. ಕೊಡೋಣ ಅಂತ ಹುಡುಕಿದಾಗ ಗೊತ್ತಾಯ್ತು' ಎಂದಳು.

'ಯಾರು?'

'ಲ್ಯಾಬಿನವರು.' ಅವಳು ಗೇಟಿನ ಇನ್ನೊಂದು ಕಂಬಕ್ಕೆ ಒರಗಿದಳು. 'ನಿಮ್ಮ ಕೆಲಸದ ಬಗ್ಗೆ ಎಷ್ಟೊಂದು ಹೇಳಿದ್ರು. ಯಾರ ವಿಷಯ ಹೇಳ್ತಿದ್ದಾರೆ ಅಂತಲೇ ನನಗೆ ಹೊಳೀಲಿಲ್ಲ. ನನ್ನ ಗಂಡನ ವಿಷಯ ಊರಾಚೆಯವರು ನನಗೆ ಹೇಳ್ಬೇಕಾಯ್ತು.'

'ನಿನಗೆ ಹೇಳಿದ್ರೆ ನಿನ್ನ ಅಣ್ಣ...'

'ನನ್ನ ಅಣ್ಣ ನನಗೆ ಅಣ್ಣ. ನಿಮಗೆ ಏನು ಅಂತ ನೀವು ಹೇಳ್ಬೇಕು.' ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಅವನನ್ನು ಹೆದರಿಸಿತು. 'ಹೋಗೋಣ ರೀ. ನನಗೆ ಆ ಊರಾದ್ರೂ ಸರಿ, ಯಾವ ಊರಾದ್ರೂ ಸರಿ. ಅಣ್ಣನ ಮನೆ ಹಳೇ ಪರದೆ, ಅಣ್ಣನ ಮನೆ ಹಳೇ ಕುಕ್ಕರು ನೋಡಿ ನೋಡಿ ನನಗೂ ಸಾಕಾಗಿದೆ. ನಿಮಗೆ ಬೇಜಾರಾಗುತ್ತೆ ಅಂತ ಬಾಯಿ ಬಿಟ್ಟಿರಲಿಲ್ಲ. ಈ ಕಡೆಯಿಂದ ಹೋದ್ರೆ ಹೆದ್ದಾರಿ ಅಲ್ವಾ? ಬಸ್ಸು ಹಿಡಿಯೋಣ. ಅಣ್ಣನಿಗೆ ನಾಳೆ ಹೇಳಿದ್ರಾಯ್ತು, ನಾನೇ ಹೇಳ್ತೀನಿ ಬೇಕಾದ್ರೆ. ಅವರು ಇನ್ನೊಂದು ಸಲ ಫೋನ್ ಮಾಡ್ತಾರಂತೆ. ಹೂಂ ಅಂದ್ರೆ ಸಾಕು.'

ಇಷ್ಟು ವರ್ಷ ಇವಳಿಗಾಗಿ ಸಹಿಸುತ್ತಿದ್ದೇನೆ ಎಂದುಕೊಂಡಿದ್ದ. ಇವಳು ತನಗಾಗಿ ಸಹಿಸುತ್ತಿದ್ದಳು. ಇಬ್ಬರೂ ಒಂದೇ ಗೋಡೆಗೆ ಎರಡು ಕಡೆಯಿಂದ ಬೆನ್ನು ಕೊಟ್ಟು, ಅದು ಬೀಳದ ಹಾಗೆ ನೋಡಿಕೊಂಡಿದ್ದರು. ಈಗ ಅವಳು ಬೆನ್ನು ತೆಗೆದಿದ್ದಳು. ಬಲಗಡೆಯ ದಾರಿ ಖಾಲಿಯಾಗಿ ಬಿದ್ದಿತ್ತು, ಸೈಕಲ್ಲಿನ ಗೆರೆ ಧೂಳಿನಲ್ಲಿ ಇನ್ನೂ ಹಾಗೇ ಇತ್ತು. ಸಂತೋಷವಾಗಬೇಕಿತ್ತು. ಹೆದರಿಕೆಯಾಯಿತು. ಹೊಸ ಊರು, ಒಂದು ಇಡೀ ವಿಭಾಗ, ಮಾಡಿದ್ದು ಚೆನ್ನಾಗಿಲ್ಲದಿದ್ದರೆ ಇದನ್ನು ಮಾಡಿದವರು ಯಾರು ಎಂದು ಆಗಲೂ ಕೇಳುತ್ತಾರೆ. ಇನ್ನೊಂದು ಫಲಕ ತುಕ್ಕು ಹಿಡಿದರೆ ಈ ಸಲ ಏಣಿ ಹತ್ತುವವರು ಯಾರು?

'ಗಾರ್ಡಣ್ಣ ಬಂದು ಹೇಳಬೇಕಲ್ಲ' ಎಂದ. ಅಂದ ಮೇಲೆ ತಾನು ಅಂದದ್ದು ತನಗೇ ಕೇಳಿಸಿತು.

ಅವಳು ಚೀಲವನ್ನು ನೆಲದ ಮೇಲಿಟ್ಟು, ಅವನನ್ನು ದಾಟಿ, ಗುಡ್ಡದ ಕಡೆಗೆ ನಡೆದಳು. ಗೋಡೆಯ ಪಕ್ಕ ಹತ್ತು ಹೆಜ್ಜೆ ಹೋಗಿ, ತಿರುಗಿ, ಗಾರ್ಡಣ್ಣನ ಹಾಗೆಯೇ ಭುಜ ಸ್ವಲ್ಪ ಬಾಗಿಸಿ ಇಳಿದು ಬಂದಳು. ತಮಾಷೆಯಿರಬೇಕು ಎಂದು ಅವನು ತುಟಿ ಅರಳಿಸಿದ. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಹತ್ತಿರ ಬಂದು, ಅವನ ಹೆಗಲ ಮೇಲೆ ಅಂಗೈ ಇಟ್ಟು, 'ನನ್ನ ಹಿಂದೆ ಯಾರೂ ಇಲ್ಲ' ಎಂದಳು. 'ಇನ್ನು ನೀವು ಹೋಗಬಹುದು. ಯಾವ ಕಡೆ ಹೋಗೋಣ, ತೋರಿಸಿ.'

ಅವನು ಕೈ ಎತ್ತಿದ. ಬಲಕ್ಕೆ ಎಂದುಕೊಂಡೇ ಎತ್ತಿದ. ಮಧ್ಯಾಹ್ನವೆಲ್ಲ ಒಂದೇ ದಿಕ್ಕು ತೋರಿಸಿದ ಕೈ, ಗಾಳಿಯಲ್ಲಿ ಒಂದು ಕ್ಷಣ ನಿಂತು, ಎಡಕ್ಕೆ ಚಾಚಿತು. ಈ ಸಲ ಅದನ್ನು ಇನ್ನೊಂದು ಕೈಯಿಂದ ಹಿಡಿದಿಳಿಸಬಹುದಿತ್ತು. ಸೈಕಲ್ಲಿನವನಿಗಾಗಿ ಹಾಗೆ ಮಾಡಿದ್ದ. ಕೆರೆಯ ಕಡೆಯಿಂದ ಹಾಡು ತೇಲಿ ಬರುತ್ತಿತ್ತು, ಎಲ್ಲರ ದನಿಯ ಮೇಲೆ ಭಾವನ ಒಡಕು ದನಿ. ಅವಳು ದಾರಿಯನ್ನು ನೋಡಲಿಲ್ಲ, ಕೈಯನ್ನೇ ನೋಡಿದಳು. ಚೀಲ ಎತ್ತಿಕೊಂಡು, ಅದರಿಂದ ಫೋನು ತೆಗೆದು ಅವನ ಕೋಟಿನ ಜೇಬಿಗೆ ಹಾಕಿ, ಗುಂಡಿ ಹಾಕಿ, ಬೆಳಗಿನಿಂದ ಎಲ್ಲರೂ ಹೋದ ಹಾಗೆ, ಕೈ ತೋರಿಸಿದ ಕಡೆಗೆ ಇಳಿದು ನಡೆದಳು.

ಅವನು ಹಿಂದೆ ಹೊರಟ. ಇಳಿಜಾರಿನಲ್ಲಿ ಹತ್ತಿ ಮುದ್ದೆಯಾಯಿತು. ನಾಲ್ಕು ಹೆಜ್ಜೆ ಹೋಗಿರಬೇಕು, ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಮುಂದೆ ಅವಳು ನಿಂತುಬಿಟ್ಟಳು. ತಿರುಗಲಿಲ್ಲ. ಬೆನ್ನಿಗಾದರೆ ಹೇಳಬಹುದು ಎಂದುಕೊಂಡಿದ್ದನಲ್ಲ, ಈಗ ಅವಳ ಬೆನ್ನು ಅವನ ಮಾತಿಗಾಗಿ ಕಾಯುತ್ತಿತ್ತು, ಚೀಲದ ಪಟ್ಟಿಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಂಡು. ಅವನು ನೋಡಿದ, ದಾರ ಬಿಚ್ಚಿತ್ತು. ಬಗ್ಗಿ ಕೂತ. ಎಡಗಾಲಿನದನ್ನು ಕಟ್ಟಿದ, ಸರಿಯಾಗಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದ. ಫೋನು ತೊಡೆಗೂ ಹೊಟ್ಟೆಗೂ ನಡುವೆ ಸಿಕ್ಕಿ ಮಿಡಿಯುತ್ತಲೇ ಇತ್ತು. ಬಲಗಾಲಿನ ದಾರ ಗಟ್ಟಿಯಾಗಿಯೇ ಇತ್ತು, ಅದನ್ನೂ ಬಿಚ್ಚಿ ಕಟ್ಟಿದ. ಕಟ್ಟಿ ಮುಗಿಸುವಷ್ಟರಲ್ಲಿ ಸದ್ದು ನಿಂತಿತ್ತು. ತಲೆ ಎತ್ತಿದ. ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು, ಕದಲಬೇಡ ಎಂದು ಯಾರೋ ಹೇಳಿ ನಿಲ್ಲಿಸಿದವರ ಹಾಗೆ. ಆಮೇಲೆ ಕೆರೆಯ ಕಡೆಗೆ ಇಳಿದುಹೋದಳು.